ಇನ್ನೂ ಹುಟ್ಟದವನ ಪಾಸ್‌ಪೋರ್ಟು

ಊರಿಗೆ ಬಂದವನು ಕಚೇರಿಗೆ ಬಾರದೆ ಇರುತ್ತಾನೆಯೇ? ಹಿರಿಯರು ಹೇಳಿದ್ದು ನೀರಿಗೆ ಅಂತ. ಅವರ ಕಾಲದಲ್ಲಿ ಮುಲ್ಕಿ ಕಾಯಿದೆ ಇರಲಿಲ್ಲ, ಅದಕ್ಕೇ ನೀರಿಗೇ ಬಿಟ್ಟರು. ನಾನು ಹೇಳಹೊರಟದ್ದು ನಡೆದ ಸಂಗತಿ. ಒಂದು ಅಕ್ಷರ ಸುಳ್ಳಿಲ್ಲ. ಇದ್ದ ಒಂದೇ ಒಂದು ತಪ್ಪು ಯಾರದೆಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಊರಿಗೆ ಬಂದವರು ಶರಫೋದ್ದೀನ ಚಾಚಾ. ಭಾಲ್ಕಿಯ ಯುನಾನಿ ದವಾಖಾನೆಯಲ್ಲಿ ಔಷಧ ಕುಟ್ಟಿ ಪೊಟ್ಟಣ ಕಟ್ಟಿಕೊಡುವ ಕೆಲಸ. ಹುಟ್ಟಿದ್ದು ಸೊಲ್ಲಾಪುರದಲ್ಲಿ, ಇಂಗ್ರೇಜಿ ಸರಕಾರದ ಸೀಮೆಯಲ್ಲಿ. ತಾಯಿ ಬದರುನ್ನಿಸಾರನ್ನು ಕರೆದುಕೊಂಡು ಭಾಲ್ಕಿಗೆ ಬಂದು ಹದಿನೇಳು ವರ್ಷವಾಗಿತ್ತು. ಅರ್ಧ ಊರಿನ ಹೊಟ್ಟೆನೋವು ಅವರ ಕೈಯಿಂದಲೇ ಹೋಗಿತ್ತು. ಆದರೂ ನಿಜಾಮ ಸರಕಾರದ ಕಾಗದದಲ್ಲಿ ಅವರು ಗೈರ್‌ಮುಲ್ಕಿ, ಅಂದರೆ ಹೊರಗಿನವರು, ನೌಕರಿ ಹಂಗಾಮಿ. ಆ ವರ್ಷ ಹುಕುಮು ಬಂತು: ಬೇಸಿಗೆ ಮುಗಿಯುವುದರೊಳಗೆ ಮುಲ್ಕಿ ಸನದು, ಅಂದರೆ ಈ ಸೀಮೆಯವರೇ ಎಂಬ ಪತ್ರ, ತಂದು ತೋರಿಸಿದವರು ಖಾಯಂ, ಉಳಿದವರು ಮನೆಗೆ.

ನಾನು ಆಗ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು, ಭಾಲ್ಕಿಯ ಕಚೇರಿಯ ಎದುರಿನ ಹುಣಸೆ ಮರದಡಿ ಅರ್ಜಿ ಬರೆಯುತ್ತಿದ್ದೆ. ಜನ ಬಿ.ಎ. ಮಲ್ಲಣ್ಣ ಎಂದು ಕರೆಯುತ್ತಿದ್ದರು. ಅರ್ಜಿ ಇಲ್ಲದ ಹೊತ್ತಿನಲ್ಲಿ ಊರವರ ದನಿಯನ್ನು ಅವರಂತೆಯೇ ತೆಗೆಯುವುದು ನನ್ನ ಉಪಕಸುಬು. ಡಂಗುರದವನ ದನಿಯಲ್ಲಿ ಒಮ್ಮೆ ಸಂತೆಯ ದಿನವನ್ನೇ ಬದಲಿಸಿ ಏಟು ತಿಂದಿದ್ದೆ.

ಮುಲ್ಕಿ ಅರ್ಜಿಗೆ ಉರ್ದುವಿನಲ್ಲಿ ಅಚ್ಚಾದ, ಖಾಲಿ ಜಾಗ ತುಂಬುವ ಛಾಪಾ ಕಾಗದವಿತ್ತು. ಹದಿನೈದು ವರ್ಷ ಇಲ್ಲೇ ನೆಲೆಸಿರಬೇಕು. ಹುಟ್ಟಿದೂರಿಗೆ ಮರಳಿ ಹೋಗುವ ಇರಾದೆ ಇಲ್ಲವೆಂದು ಆಣೆ ಮಾಡಿ ಹಲಫನಾಮಾ ಕೊಡಬೇಕು. ನಾಮಗಳಲ್ಲಿ ಇದು ಪಂಗನಾಮದ ಅಣ್ಣ. ಜೊತೆಗೆ ತಾನು ಯಾರೆಂದು ತೋರಿಸುವ ಅಸಲು ಕಾಗದ ಲಗತ್ತಿಸಬೇಕು. ಚಾಚಾನ ಹತ್ತಿರ ಇದ್ದ ಅಸಲು ಕಾಗದ ಒಂದೇ, ಪಾಸ್‌ಪೋರ್ಟು. ಎರಡು ವರ್ಷದ ಹಿಂದೆ ತಾಯಿಯನ್ನು ಹಜ್ ಯಾತ್ರೆಗೆ ಕರೆದೊಯ್ಯಲೆಂದು ಸೊಲ್ಲಾಪುರದ ಕಡೆಯಿಂದ ಮಾಡಿಸಿದ್ದು. ತಾಯಿಯ ಹೆಸರೂ ಅದರಲ್ಲೇ ಇತ್ತು. ಆ ಹೊತ್ತಿಗೆ ಅರಬಸ್ತಾನದಲ್ಲಿ ಯುದ್ಧ ಹತ್ತಿ ಪ್ರಯಾಣ ನಿಂತುಹೋಗಿತ್ತು. ಛಾಪಾ ಕಾಗದವನ್ನು ನಾನೇ ತುಂಬಿದೆ. ಅಕ್ಷರ ಮುತ್ತಿನಂಥವು ಎಂದು ನಾನೇ ಮೆಚ್ಚಿಕೊಂಡು ಕೆಳಗೆ ಸಹಿ ಹಾಕಿದೆ.

ಪಾಸ್‌ಪೋರ್ಟು ಬೀದರಿನ ಜಿಲ್ಲಾ ಕಚೇರಿಯ ಮಿಸಲಿಗೆ ಸೇರಿತು. ಕಚೇರಿಯವರು ಕಡತಕ್ಕೆ ಮಿಸಲು ಅನ್ನುತ್ತಾರೆ, ನಾವು ದೇವರಿಗೆಂದು ತೆಗೆದಿಟ್ಟದ್ದಕ್ಕೆ ಮೀಸಲು ಅನ್ನುತ್ತೇವೆ. ಎರಡನ್ನೂ ಮನುಷ್ಯರು ಮುಟ್ಟುವ ಹಾಗಿಲ್ಲ.

ಆರು ತಿಂಗಳಾದ ಮೇಲೆ ಮುಂಬಯಿಯಿಂದ ಕಾಗದ ಬಂತು. ಯುದ್ಧ ಮುಗಿದಿದೆ, ಹಡಗು ಹೊರಡುತ್ತದೆ, ಇಬ್ಬರಿಗೆ ಜಾಗ ಹಿಡಿದಿದ್ದೇನೆ ಎಂದು ಬಂಧುವೊಬ್ಬರು ಬರೆದಿದ್ದರು. ಬದರುನ್ನಿಸಾ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಕಣ್ಣಿಗೆ ಪೊರೆ ಬರುತ್ತಿತ್ತು. ಮುಂದಿನ ವರ್ಷ ಹೋದರೆ ಕಾಬಾದ ಮುಂದೆ ನಿಂತೂ ಕಾಣಲಿಕ್ಕಿಲ್ಲ ಎಂದು ಹಕೀಮರು ಹೇಳಿದ್ದರು. ಚಾಚಾ ನನ್ನ ಬಳಿ ಬಂದು ಪಾಸ್‌ಪೋರ್ಟು ಎಂದರು. ನಾನು, ಎರಡು ದಿನದಲ್ಲಿ ತಂದುಕೊಡುತ್ತೇನೆ, ನೀವು ಗಂಟು ಕಟ್ಟಿರಿ ಎಂದೆ.

ಅವರು ಗಂಟು ಕಟ್ಟಿದರು. ಊರು ಬೀಳ್ಕೊಟ್ಟೂಬಿಟ್ಟಿತು. ಹಜ್‌ಗೆ ಹೋಗುವವರು ಮನೆಮನೆಗೆ ಹೋಗಿ, ಆಡಿದ್ದು ಅಂದದ್ದು ಮಾಫ್ ಮಾಡಿರಿ ಎಂದು ಕೇಳಬೇಕು, ಅದೂ ಆಯಿತು. ನೆರೆಯ ಚಂದ್ರಭಾಗಾಬಾಯಿ ದಾರಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟು, ಅಮ್ಮನ ಆಡನ್ನು ತನ್ನ ಹಿತ್ತಲಲ್ಲಿ ಕಟ್ಟಿಕೊಂಡರು. ಇಬ್ಬರ ತೋಳಿಗೂ ಹಸಿರು ಬಟ್ಟೆಯಲ್ಲಿ ಹರಕೆಯ ನಾಣ್ಯ ಕಟ್ಟಿದರು. ಹೋಗುವ ಊರು ಮುಟ್ಟಿದ ಮೇಲೆಯೇ ಅದನ್ನು ಬಿಚ್ಚಬೇಕು. ಹೀಗೆ ಬೀಳ್ಕೊಂಡವರು ಮರುದಿನ ಅದೇ ಓಣಿಯಲ್ಲಿ ನೀರು ತರಲು ನಿಂತರೆ ನಗೆಪಾಟಲು, ಅಪಶಕುನ ಬೇರೆ. ಕಾರಣ ಬರೆಯದೆ ನಾನು ಬೀದರಿಗೆ ಕಳಿಸಿದ ವಾಪಸು ಅರ್ಜಿಗೆ ಉತ್ತರ ಬಾರದೆ, ಎರಡು ದಿನ ಹೋಗಿ ಆರು ದಿನವಾಯಿತು. ತಾಯಿ ಮಗ ಮನೆಯ ಬಾಗಿಲು ಹಾಕಿಕೊಂಡು ತಮ್ಮ ಮನೆಯಲ್ಲೇ ಕಳ್ಳರಂತೆ ಕುಳಿತರು. ಒಲೆ ಹಚ್ಚಿದರೆ ಹೊಗೆ ಕಾಣುತ್ತದೆಂದು ಹೋಳಿಗೆಯನ್ನೇ ತಿಂದರು.

ನಾನು ಹಿಂದಿನ ಓಣಿಯಿಂದ ಹೋದಾಗಲೆಲ್ಲ ಚಾಚಾ ಗಂಟು ಬಿಚ್ಚಿ ಕಟ್ಟುತ್ತಿದ್ದರು. ಅವರಿಗೆ ಎರಡು ಭಯ. ಪಾಸ್‌ಪೋರ್ಟು ಎದುರು ಹೋಗಿ ಕೇಳದಿದ್ದರೆ ತಾಯಿಗೆ ಹಜ್ ಇಲ್ಲ. ಕೇಳಿದರೆ, ನೋಡಿರಿ, ಹೋಗುವ ಇರಾದೆ ಇಲ್ಲವೆಂದು ಆಣೆ ಮಾಡಿದವನು ಹೊರಟು ನಿಂತಿದ್ದಾನೆ ಎಂದು ಸನದೂ ಹೋಗುತ್ತದೆ, ನೌಕರಿಯೂ ಹೋಗುತ್ತದೆ.

ಏಳನೆಯ ದಿನ ಬೆಳಕು ಹರಿಯುವ ಮುಂಚೆ ಮೂವರೂ ಟಾಂಗಾ ಹತ್ತಿ ಬೀದರಿಗೆ ಹೋದೆವು. ಊರ ನಡುವಿನ ಚೌಬಾರಾ ಗೋಪುರದ ನೆರಳಲ್ಲಿ ಅಮ್ಮನನ್ನು ಕೂರಿಸಿ ಕಚೇರಿಗೆ ಓಡಿದೆವು. ಜಿಲ್ಲೆಯ ಅಧಿಕಾರಿ ತಾಲೂಕದಾರ ಸಾಹೇಬರು ಮಿಸಲಿನ ಪೆಟ್ಟಿಗೆಯ ಸಮೇತ ಹಳ್ಳಿ ಸುತ್ತಲು ದೌರಾ ಹೋಗಿದ್ದಾರೆ, ಔರಾದಿನಲ್ಲಿ ಡೇರೆ ಹಾಕಿದ್ದಾರೆ ಎಂದರು. ದೌರಾ ಎಂದರೆ ದೂರ ಎಂದು ನಾನು ನಗಿಸಹೋದೆ. ಚಾಚಾ ನಗಲಿಲ್ಲ, ಹಡಗಿಗೆ ಒಂಬತ್ತು ದಿನ ಎಂದರು.

ಬಾಡಿಗೆ ಬಂಡಿಯಲ್ಲಿ ಮರುದಿನ ಮಧ್ಯಾಹ್ನ ಔರಾದು ಮುಟ್ಟಿದೆವು. ಕೆಂಡದಂಥ ಬಿಸಿಲು. ದಾರಿಯುದ್ದಕ್ಕೂ ಅಮ್ಮನ ತೊಡೆಯ ಮೇಲೆ ಮಡಿಚಿದ ಬಿಳಿ ಬಟ್ಟೆಯೊಂದಿತ್ತು. ಅದು ಅವರ ಕಫನ್ನು, ಸತ್ತ ಮೇಲೆ ಹೊದಿಸಬೇಕಾದದ್ದು. ಮಕ್ಕಾದ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ ತಂದು ಇಟ್ಟುಕೊಳ್ಳಬೇಕೆಂದು ಇಪ್ಪತ್ತು ವರ್ಷದಿಂದ ಕಾದಿಟ್ಟದ್ದು.

ಊರ ಹೊರಗಿನ ಬೇವಿನ ತೋಪಿನಲ್ಲಿ ಡೇರೆ. ಸಾಹೇಬರು ಉಂಡು ಒಳಗೆ ಮಲಗಿದ್ದರು. ಹೊರಗೆ ಮರದಡಿ ಪೆಟ್ಟಿಗೆಯ ಮುಂದೆ ಪೇಶ್ಕಾರ ವೈಜಿನಾಥಪ್ಪನವರು. ಸಾಹೇಬರ ಮುಂದೆ ಮಿಸಲು ಇಡುವುದು, ಹುಕುಮು ಬರೆದುಕೊಳ್ಳುವುದು ಅವರ ಕೆಲಸ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದಂಥ ಮುಖ. ಅವರು ನಕ್ಕದ್ದನ್ನು ಕಂಡವರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ನಮ್ಮನ್ನು ನೆರಳಿಗೆ ಕರೆದು, ಅಮ್ಮನಿಗೆ ಮೊದಲು ನೀರು ಕೊಡಿಸಿ, ಆಮೇಲೆ ಮಿಸಲು ಬಿಚ್ಚಿದರು.

“ಇದರಾಗ ಎರಡು ಆಕ್ಷೇಪ ಅದಾವ ರೀ,” ಅಂದರು. “ಒಂದನೇದು. ಇವರು ರಿಯಾಸತ್ತಿಗೆ ಬಂದದ್ದು ಸನ ಸಾವಿರದ ಒಂಬೈನೂರಾ ಒಂಬತ್ತು ಫಸಲಿ. ಈಗ ನಡದದ್ದು ಸಾವಿರದ ಮುನ್ನೂರಾ ಮೂವತ್ತೈದು. ಅಂದ್ರ ಇವರು ಬರ್ಲಿಕ್ಕೆ ಇನ್ನ ಐದುನೂರಾ ಎಪ್ಪತ್ನಾಕು ವರ್ಷ ಬಾಕಿ ಅದಾವ. ಬಂದ ಮ್ಯಾಲ ಹದಿನೈದು ವರ್ಷ ಕಳೀಬೇಕು.”

“ಪೇಶ್ಕಾರ ಸಾಬ್ರ, ನಾ ಬಂದೀನಿ,” ಅಂದರು ಚಾಚಾ. “ಇಲ್ಲೇ ಕುಂತೀನಲ್ರಿ.”

“ಇಲ್ಲಿ ಕುಂತೀರಿ, ಖರೇ. ಮಿಸಲದಾಗ ಬಂದಿಲ್ಲ.”

ಎರಡನೆಯ ಆಕ್ಷೇಪ ಪಾಸ್‌ಪೋರ್ಟಿನದು. ಅದರ ಮುದ್ದತ್ತು ಸಾವಿರದ ಒಂಬೈನೂರ ಇಪ್ಪತ್ತಾರರವರೆಗೆ ಇದೆ, ಇನ್ನೂ ಐದುನೂರ ತೊಂಬತ್ತೊಂದು ವರ್ಷ, ಹಾಗಿರುವಾಗ ಅವಸರದಿಂದ ವಾಪಸು ಕೊಡುವ ಕಾರಣ ಕಾಣುವುದಿಲ್ಲ ಎಂದು ಬರೆದಿತ್ತು.

ನಿಜಾಮರ ಕಚೇರಿಗಳಲ್ಲಿ ನಡೆಯುವುದು ಫಸಲಿ ವರ್ಷ. ಹೊರಗೆ ಇಸವಿ 1926 ಇದ್ದರೆ ಕಚೇರಿಯೊಳಗೆ 1335. ಪಾಸ್‌ಪೋರ್ಟಿನಲ್ಲಿರುವುದು ಇಸವಿ ರೀ ಎಂದು ಹೇಳಿದೆ. ಅವರು ಛಾಪಾ ಕಾಗದದ ಮೇಲೆ ಬೆರಳಿಟ್ಟರು. ಇಲ್ಲಿ ಫಸಲಿ ಅಂತ ಅಚ್ಚಾಗಿದೆ. ಸಾಹೇಬರ ಹುಕುಮಿಲ್ಲದೆ ಒಂದು ಚುಕ್ಕೆಯನ್ನೂ ತಿದ್ದಲಾಗದು. ಸಾಹೇಬರು ಎದ್ದ ಕೂಡಲೇ ಠಾಣಾ ಕುಶನೂರಿನ ಕಡೆಗೆ ಹೊರಡುತ್ತಾರೆ, ಇವತ್ತು ಹೊಸ ಮಿಸಲು ನೋಡುವುದಿಲ್ಲ. ಎಂಟು ದಿನ ಬಿಟ್ಟು ಬೀದರಿಗೆ ಬನ್ನಿ.

ಎಂಟು ದಿನ ಎಂಬ ಮಾತು ಕೇಳಿ ಅಮ್ಮ ಬಿಳಿ ಬಟ್ಟೆಯ ಮಡಿಕೆ ಬಿಚ್ಚಿ, ಮತ್ತೆ ಮಡಿಚಿದರು. ಚಾಚಾ ಎದ್ದು ಎತ್ತುಗಳ ಬಳಿ ಹೋದರು, ಬಂದರು, ಮತ್ತೆ ಹೋದರು.

ನಾನು ನೀರು ಕುಡಿದು ಬರುತ್ತೇನೆ ಎಂದು ಹೇಳಿ ಡೇರೆಯ ಹಿಂಬದಿಗೆ ಸರಿದೆ. ಸಾಹೇಬರ ಭಾಷಣವನ್ನು ಭಾಲ್ಕಿಯ ಸಾಲೆಯಲ್ಲಿ ಕೇಳಿದ್ದೆ. ಮೂಗಿನಿಂದ ಬರುವ ದನಿ, ಮಾತಿಗೆ ಮುಂಚೆ ಕೆಮ್ಮು. ಬಟ್ಟೆಯ ಗೋಡೆಗೆ ಬಾಯಿ ಹಚ್ಚಿ ಎರಡು ಸಲ ಕೆಮ್ಮಿದೆ. ಪೇಶ್ಕಾರ್ ಸಾಬ್ ಎಂದು ಮೂಗಿನಲ್ಲಿ ಕರೆದೆ. ವೈಜಿನಾಥಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದು ನಿಂತದ್ದು ಸಂದಿಯಿಂದ ಕಂಡಿತು.

ಈ ಶರಫೋದ್ದೀನ ಹುಟ್ಟಿದ್ದು ಯಾವ ಸನ ಎಂದು ಉರ್ದುವಿನಲ್ಲಿ ಕೇಳಿದೆ. ಸಾವಿರದ ಎಂಟುನೂರ ಎಂಬತ್ತು ಫಸಲಿ, ಹುಜೂರ್ ಎಂದರು. ಈಗ ಯಾವ ಸನ ಎಂದೆ. ಸಾವಿರದ ಮುನ್ನೂರ ಮೂವತ್ತೈದು ಎಂದರು.

“ತೋ ಜೋ ಅಭೀ ಪೈದಾಚ್ ನೈ ಹುವಾ, ಉಸ್‌ಕಾ ಪಾಸ್‌ಪೋರ್ಟ್ ಹಮ್ ಕಾಯಕೂ ರಖ್‌ನಾ? ಮಾಂ ಕೂ ದೇ ದೇವ್.”

ಇನ್ನೂ ಹುಟ್ಟೇ ಇಲ್ಲದವನ ಪಾಸ್‌ಪೋರ್ಟು ನಾವೇಕೆ ಇಟ್ಟುಕೊಳ್ಳಬೇಕು, ತಾಯಿಗೆ ಕೊಟ್ಟುಬಿಡಿ ಎಂಬ ಈ ಹುಕುಮನ್ನು ಪೇಶ್ಕಾರರು ಹುಬ್ಬೂ ಹಾರಿಸದೆ ಬರೆದುಕೊಂಡರು. ಬದರುನ್ನಿಸಾ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಪಾಸ್‌ಪೋರ್ಟು ಬಿಚ್ಚಿ ಅವರ ಕೈಯಲ್ಲಿಟ್ಟರು. ಅಮ್ಮ ಅದನ್ನು ಬಿಳಿ ಬಟ್ಟೆಯ ಮಡಿಕೆಯೊಳಗೆ ಸೇರಿಸಿ ಮೇಲೆ ಎರಡೂ ಕೈ ಇಟ್ಟರು.

ಆಗ ಡೇರೆಯೊಳಗೆ ಕೆಮ್ಮು ಕೇಳಿಸಿತು. ಕೆಮ್ಮಿದವನು ನಾನಲ್ಲ.

ಸಾಹೇಬರು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಬಂದರು. ಹಿಂದೆ ನಿಂತವನು ಮುಂದೆ ಬರಲಿ ಎಂದರು. ಬಂದೆ. ಹುಕುಮು ಚೆನ್ನಾಗಿತ್ತು, ಆದರೆ ನಾನು ಕೆಮ್ಮುವುದು ಮೂರು ಸಲ ಎಂದರು. ನಗಲಿಲ್ಲ. ನನ್ನ ಕೋಡಂಗಿತನಕ್ಕೆ ಚಾಚಾನ ಹದಿನೇಳು ವರ್ಷ, ಅಮ್ಮನ ಇಪ್ಪತ್ತು ವರ್ಷ ಒಟ್ಟಿಗೇ ಹೋಗುತ್ತವೆ ಎಂದು ಆಗ ಹೊಳೆಯಿತು. ಹೊಳೆದ ಭಯಕ್ಕೆ ಬಾಯಿ ಇನ್ನೂ ಜೋರಾಯಿತು. ಇಸವಿಗೂ ಫಸಲಿಗೂ ವ್ಯತ್ಯಾಸ ತಿಳಿಯದವರ ಕೈಗೆ ಮಿಸಲು ಸಿಕ್ಕರೆ ಏನಾಗುತ್ತದೆ ನೋಡಿರಿ ಹುಜೂರ್ ಎಂದು ಪೇಶ್ಕಾರರ ಕಡೆ ಕೈ ಮಾಡಿದೆ.

ಸಾಹೇಬರು ಪೇಶ್ಕಾರರನ್ನು ನೋಡಿದರು. ಪೇಶ್ಕಾರರು ಛಾಪಾ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

“ಬಿ.ಎ. ಸಾಹೇಬ್ರ, ಈ ಅಕ್ಷರ ಯಾರವು ರೀ?”

ಅಕ್ಷರ ಮುತ್ತಿನಂಥವು. ಫಸಲಿ ಎಂದು ಅಚ್ಚಾದ ಮೂರು ಕಡೆಯೂ, ಅದರ ಪಕ್ಕದ ಖಾಲಿ ಜಾಗದಲ್ಲಿ ಪಾಸ್‌ಪೋರ್ಟಿನ ಇಸವಿಯನ್ನು, ಚಾಚಾ ಬಾಯಲ್ಲಿ ಹೇಳಿದ ಇಸವಿಯನ್ನು ಚಂದವಾಗಿ ಇಳಿಸಿದವನು ಹೈದರಾಬಾದಿನಲ್ಲಿ ಇಂಗ್ರೇಜಿ ಕ್ಯಾಲೆಂಡರು ನೋಡಿಕೊಂಡೇ ನಾಲ್ಕು ವರ್ಷ ಕಳೆದು ಬಂದವನು. ಕೆಳಗೆ ಸಹಿ, ಬಿ.ಎ. ಸಮೇತ.

“ನನ್ನವು,” ಅಂದೆ.

“ಕಲತವರು ಬರದಾರ, ತಪ್ಪ ಇರಾಕಿಲ್ಲ ಅಂತ ನಾ ಸುಮ್ಮ ಸನ ಕಳದು ಲೆಕ್ಕ ಹಾಕ್ದೆ ನೋಡ್ರಿ.”

ಸಾಹೇಬರು ಕೆಂಪು ಶಾಯಿ ತರಿಸಿ ಮೂರೂ ಕಡೆ ಫಸಲಿಯನ್ನು ಹೊಡೆದು ಇಸವಿ ಎಂದು ಬರೆದರು. ಹದಿನೇಳು ವರ್ಷ ಪೂರ್ತಿ ಎಂದು ಬದಿಯಲ್ಲಿ ಗುರುತು ಹಾಕಿದರು. ಆಮೇಲೆ ಲೇಖನಿ ಎತ್ತಿ ಹಿಡಿದು ಹಲಫನಾಮಾದ ಮಾತು ಕೇಳಿದರು. ಹೊರಟು ನಿಂತಿದ್ದೀರಿ, ಮರಳಿ ಭಾಲ್ಕಿಗೆ ಬರುತ್ತೀರಿ ಎಂಬುದಕ್ಕೆ ಏನು ಆಧಾರ? ಅಮ್ಮ ಉತ್ತರ ಕೊಟ್ಟರು.

“ನನ್ನ ಆಡು ಚಂದ್ರಭಾಗಾನ ಹಿತ್ತಲದಾಗ ಐತಿ, ಹುಜೂರ್. ಗಬ್ಬ ಐತಿ. ಬರದ ಏನ್ ಮಾಡ್ಲಿ?”

ಸಾಹೇಬರು ಪೇಶ್ಕಾರರ ಕಡೆ ತಿರುಗಿದರು. ಅರ್ಜಿದಾರನು ಆಣೆ ಮಾಡಿದ್ದು ಸೊಲ್ಲಾಪುರಕ್ಕೆ ಮರಳುವುದಿಲ್ಲವೆಂದು, ಮಕ್ಕಾ ಸೊಲ್ಲಾಪುರವಲ್ಲ, ಸನದು ಕೊಡತಕ್ಕದ್ದು ಎಂದು ಬರೆಸಿ ಸಹಿ ಹಾಕಿದರು. ಸನದನ್ನು ಚಂದ್ರಭಾಗಾಬಾಯಿಯ ಮನೆಗೆ ನಾನೇ ಮುಟ್ಟಿಸಬೇಕು, ಬಂಡಿ ಬಾಡಿಗೆ ನನ್ನ ತಲೆಯ ಮೇಲೆ, ಇನ್ನು ಒಂದು ವರ್ಷ ಜಿಲ್ಲೆಯೊಳಗೆ ಕೆಮ್ಮಬಾರದು ಎಂದೂ ಹೇಳಿದರು, ಇದನ್ನು ಬರೆಸಲಿಲ್ಲ.

ಉಳಿದದ್ದು ಮೊದಲಿನ ಸುಳ್ಳು ಹುಕುಮು. ರದ್ದು ಮಾಡುವ ಮುಂಚೆ ಓದಿ ಹೇಳುವುದು ಕಚೇರಿಯ ಪದ್ಧತಿ. ವೈಜಿನಾಥಪ್ಪನವರು ಎದ್ದು ನಿಂತು, ಕಾಗದವನ್ನು ಕಣ್ಣಿನ ಸಮಕ್ಕೆ ಹಿಡಿದು, ಎಂದಿನ ದನಿಯಲ್ಲಿ ಶುರುಮಾಡಿದರು. ಅರ್ಜಿದಾರ ಶರಫೋದ್ದೀನನು ಇನ್ನೂ ಐದುನೂರ ನಲವತ್ತೈದು ವರ್ಷ ಹುಟ್ಟತಕ್ಕವನಲ್ಲವಾದ್ದರಿಂದ, ಸದರಿಯವನ ಪಾಸ್‌ಪೋರ್ಟನ್ನು ಸದರಿಯವನ ಸಮಕ್ಷಮ ಸದರಿಯವನ ತಾಯಿಗೆ… ಎಂಬಲ್ಲಿಗೆ ಬಂದು ದನಿ ನಿಂತಿತು. ಕಾಗದ ಕೆಳಗಿಳಿಸಿ, ಸಮಕ್ಷಮ ನಿಂತಿದ್ದ ಚಾಚಾನ ನೆರೆತ ಗಡ್ಡ ನೋಡಿದರು. ಮತ್ತೆ ಕಾಗದ ನೋಡಿದರು.

ಮೊದಲು ಭುಜ ಅಲುಗಿತು. ಸಾಹೇಬರು ತುಟಿ ಕಚ್ಚಿಕೊಂಡರು, ಚಾಚಾ ಕಣ್ಣೊರೆಸಿಕೊಳ್ಳುತ್ತ ನಕ್ಕರು, ನಾನೂ ಹಲ್ಲು ಬಿಟ್ಟೆ. ಆದರೆ ಪೇಶ್ಕಾರರ ನಗೆ ಹೊರಬಿದ್ದಾಗ ನಮ್ಮದು ಯಾರದೂ ಕೇಳಿಸಲಿಲ್ಲ. ಎತ್ತುಗಳು ಕಣ್ಣಿ ಜಗ್ಗಿದವು, ಬೇವಿನ ಮರದ ಕಾಗೆಗಳು ಎದ್ದವು. ಅವರು ಮಿಸಲಿನ ಪೆಟ್ಟಿಗೆಯ ಮೇಲೆ ಕುಸಿದು ಕುಳಿತು, ರುಮಾಲು ಬಿಚ್ಚಿ ಬಾಯಿಗೆ ಒತ್ತಿಕೊಂಡು, ಆಗದೆ ತೆಗೆದು, ಸದರಿಯವನ ಸಮಕ್ಷಮ ಎಂದು ಮತ್ತೆ ಮತ್ತೆ ಹೇಳುತ್ತ ನಗುತ್ತಿದ್ದರು. ಬಂಡಿ ಬೀದರಿನ ದಾರಿಗೆ ತಿರುಗಿ ತೋಪು ಮರೆಯಾದ ಮೇಲೂ ಕೇಳಿಸುತ್ತಿತ್ತು.