ಹೊಟ್ಟೆಯೊಳಗಿನ ಕಾವಲು

ಬಲು ಹಿಂದೆ ಒಂದು ಕೋಟೆ ಇತ್ತಂತೆ, ಅದರ ಕಾವಲಿನವರಿಗೆ ಒಂದು ದಿನ ಕಣ್ಣಿಗೇನೋ ಕವಿದು ಒಳಗಿನವರೇ ಕಳ್ಳರಾಗಿ ಕಂಡರಂತೆ — ಒಂದು ಹನಿ, ಇನ್ನೊಂದು ಹನಿ, ಬಾಟಲಿಯಿಂದ ಗ್ಲೂಕೋಸು ಇಳಿಯುತ್ತಿದೆ, ಮೈಸೂರಿನ ಈ ಆಸ್ಪತ್ರೆಯ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು, ತಮ್ಮ ಬೆಟ್ಟಸ್ವಾಮಿಗೆ ಆಪರೇಷನ್ ಆಗಿ ಇನ್ನೂ ಎಚ್ಚರವಿಲ್ಲ, ಅಕ್ಕ ಯಶೋಧರಾ ಹೊದಿಕೆ ಎತ್ತಿ ನೋಡಿ ಆಗಿದೆ, ನೋಡಬಾರದಿತ್ತು, ನೋಡಲೇಬೇಕಿತ್ತು, ಹೊಟ್ಟೆಯ ಬಲಗಡೆ ಹೊರಗೆ ಬಂದ ಕರುಳಿನ ತುದಿ, ಕೆಂಪಗೆ, ಒದ್ದೆಯಾಗಿ, ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಚೀಲ. ಕೋಟೆಯ ಕಥೆ ಅಜ್ಜಿ ಪುಟ್ಟಮಾದಮ್ಮನದು, ಹೆಡತಲೆ ಊರಿನ ಮನೆಯ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಹೇಳಿದ್ದು, ಆದರೆ ಅಜ್ಜಿಯ ಕಾವಲಿನವರು ಕುರುಡರಾಗಿರಲಿಲ್ಲ, ಅದನ್ನು ಸೇರಿಸಿದವಳು ಇವಳು, ನಿನ್ನೆ ಡಾಕ್ಟರು ಹೇಳಿದ ಮೇಲೆ. ಎಲ್ಲರ ಕರುಳಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತಾವಮ್ಮ, ನಾವು ತಿಂದಿದ್ದರಲ್ಲೇ ಬದುಕ್ತಾವೆ, ಯಾರು ನಮ್ಮವರು ಯಾರು ಹೊರಗಿನವರು ಅಂತ ದೇಹದ ಕಾವಲಿಗೆ ಪಾಠ ಹೇಳಿಕೊಡೋದರಲ್ಲಿ ಅವುಗಳದ್ದೂ ಕೈ ಇದೆ, ಇವನಲ್ಲಿ ಆ ಗುರುತು ತಪ್ಪಿದೆ, ಕಾವಲು ಅವುಗಳ ಮೇಲೇ ಬೀಳುತ್ತೆ, ಕರುಳಿನ ಗೋಡೆ ಹುಣ್ಣಾಗುತ್ತೆ. ಯಾಕೆ ಸಾ ಇವನಿಗೇ ಹಿಂಗೆ ಅಂದರೆ, ಪೂರಾ ಯಾರಿಗೂ ಗೊತ್ತಿಲ್ಲಮ್ಮ, ಅಂದರು.

ಎರಡು ವರ್ಷ, ರಕ್ತ ಬೆರೆತ ಭೇದಿ, ಮೂಲವ್ಯಾಧಿ ಅಂದುಕೊಂಡೇ ಆರು ತಿಂಗಳು ಕಳೆದವು, ತಾಂಡ್ಯದ ಫ್ಯಾಕ್ಟರಿಯಲ್ಲಿ ಅವನು ಪಾಳಿಗೆ ಎಂಟು ಸಲ ಓಡುತ್ತಿದ್ದ, ಸೂಪರ್‌ವೈಸರ್ ನಟರಾಜ್ ಎಲ್ಲರೆದುರು, ಏನ್ಲಾ ಬೆಟ್ಟಸ್ವಾಮಿ, ಕಕ್ಕಸ್ಸನ್ನೇ ಬಾಡಿಗೆಗೆ ಇಡ್ಕಬುಡ್ಲಾ, ಅಂದಿದ್ದನಂತೆ, ತಮ್ಮ ಮನೆಗೆ ಬಂದು ತಾನೇ ನಗುತ್ತಾ ಹೇಳಿದ, ಆಮೇಲೆ ಊಟ ಬಿಟ್ಟ. ಕೊನೆಗೆ ಮೈಸೂರು, ಮಾತ್ರೆ, ರಕ್ತ ನಿಂತಿತು, ಮೂರೇ ತಿಂಗಳಿಗೆ ಒಣಗಿದ್ದ ಕೆನ್ನೆ ಹುಣ್ಣಿಮೆಯ ಹಾಗೆ ತುಂಬಿತು, ಊರವರೆಲ್ಲ ಕೇಳುವವರೇ, ಏನ್ ತಿನ್ನುಸ್ತಿದ್ದೀರವ್ವ ಅವುನ್ಗೆ, ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿತು, ಕಣ್ಣಾಕ್ಬುಟ್ಟಾರು ನನ್ ಮೊಮ್ಮಗುನ್ಗೆ, ಇನ್ಯಾಕವ್ವ ಆ ಸುಡುಗಾಡು ಮಾತ್ರೆ, ಮೈ ತುಂಬ್ಕಂಡದೆ. ದಿನಾ ಮಾತ್ರೆ ಎಣಿಸಿ ಕೊಡುತ್ತಿದ್ದವಳು ಯಶೋಧರಾ, ಪಿಯುಸಿ ಓದಿದವಳು, ಅವಳಿಗೂ ಆ ದುಂಡು ಮುಖ ಎಷ್ಟು ಚೆನ್ನಾಗಿ ಕಂಡಿತೆಂದರೆ, ಶಾಪ ಕಳೆದ ರಾಜಕುಮಾರ ಅನ್ನಿಸಿ, ನಾಳೆಯಿಂದ ಬೇಡ ಬಿಡೋ ಅಂದುಬಿಟ್ಟಳು. ಕೆಲವೇ ವಾರಕ್ಕೆ ರಕ್ತ ಮರಳಿ ಬಂತು, ನಿನ್ನೆ ಹೊಟ್ಟೆನೋವಿಗೆ ಕುಸಿದವನನ್ನು ಇಲ್ಲಿಗೆ ತಂದರು. ಅದು ಆರೋಗ್ಯದ ದಪ್ಪ ಅಲ್ಲಮ್ಮ, ಮಾತ್ರೆಯ ಊತ, ಡಾಕ್ಟರು ಹೇಳಿದ್ದು, ನಿಲ್ಲಿಸಿದ್ದು ಯಾರು — ಅವಳು ನೆಲ ನೋಡಿದಳು, ಸ್ಟ್ರೆಚರಿನ ಮೇಲಿಂದ ತಮ್ಮನೇ, ನಾನೇ ಸಾ, ಅಂದ. ಮುಖ ಆಗಲೇ ಇಳಿದುಹೋಗಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಕರುಳು ತೂತಾಗಿದ್ರೆ ತೆಗೀತೀವಿ, ಚೀಲ ಹಾಕ್ತೀವಿ, ಮಲ ಅದರಲ್ಲೇ ಬರುತ್ತೆ, ಕೆಲವು ತಿಂಗಳೋ, ಕೊನೆವರೆಗೋ, ಅಂದರು ಡಾಕ್ಟರು. ಥಿಯೇಟರಿನ ಬಾಗಿಲಲ್ಲಿ ಅವಳ ಬೆರಳು ಹಿಡಿದ, ಅಕ್ಕ, ಚೀಲ ಆಕವ್ರೆ ಅಂತ ಡಾಕ್ಟ್ರ ಬಾಯಲ್ಲಿ ಕೇಳಾಕಾಗಲ್ಲ, ನೀನೇ ಏಳು, ಸುಳ್ಳ್ ಮಾತ್ರ ಏಳ್‌ಬ್ಯಾಡ. ಊಂ ಅಂದಳು, ಮಾತು ಕೊಟ್ಟಳು, ಕಥೆಯಲ್ಲಿ ಮಾತು ಕೊಡುವುದು ಎಷ್ಟು ಸಲೀಸು, ಇಲ್ಲಿ ಕೆಂಪಗೆ, ಒದ್ದೆಯಾಗಿ — ರೆಪ್ಪೆ ಅದುರುತ್ತಿದೆ, ಇನ್ನೂ ಒಂದು ಗಳಿಗೆ ಮಲಗೋ, ಚೀಲವಿಲ್ಲದವನಾಗಿ ಒಂದೇ ಗಳಿಗೆ, ತುಟಿ ಬಿರಿದಿದೆ, ಅಕ್ಕ, ಅನ್ನುತ್ತಾನೆ, ಬಾಗುತ್ತಾಳೆ, ಆಕವ್ರಾ, ಇಲ್ಲ ಅಂದುಬಿಡಲೇ, ಸಂಜೆಯವರೆಗಾದರೂ, ಊಂ ಕಣೋ, ಆಕವ್ರೆ. ಅವನು ಅಳಲಿಲ್ಲ. ತೋರ್ಸು, ಅಂದ. ಹೊದಿಕೆ ಎತ್ತಿದಳು, ಇಬ್ಬರೂ ನೋಡಿದರು, ಕರುಳಿನ ತುದಿ ತಾನಾಗಿಯೇ ಒಮ್ಮೆ ಒಳಸರಿಯಿತು, ಮತ್ತೆ ಹೊರಬಂತು, ಕೆಂಪಗೆ, ಒದ್ದೆಯಾಗಿ.