ಲೈನ್ ಮನೆಗೆ ಒಯ್ದ ಕೆಂಡ

ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಮರಿಸಿದ್ದಯ್ಯನಿಗೆ ಕೆಲಸ ಸಿಕ್ಕಿದ ದಿನ, ಹೆಂಡತಿಗೆ ಹೇಳುವುದಕ್ಕೂ ಮುಂಚೆ ಅವನು ನನ್ನ ಹತ್ತಿರ ಬಂದ. ಬಾಯ್ಲರ್ ಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಬೆಂಕಿಗೆ ತಳ್ಳುವ ಕೆಲಸ. ನಾನು ಆಗಲೇ ಒಂದು ವರ್ಷದಿಂದ ಅಲ್ಲೇ, ಕಬ್ಬಿನ ಗಾಡಿ ತೂಗುವ ಕಡೆ ಚೀಟಿ ಬರೆಯುತ್ತಿದ್ದೆ. ಇಬ್ಬರೂ ಹನಕೆರೆಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ನನ್ನ ಹೆಸರು ಹೊನ್ನಯ್ಯ. ಊರವರ ಬಾಯಲ್ಲಿ ಒನ್ನ.

"ಎಲ್ಲಿರಾದು ಏಳ್ಲಾ ಒನ್ನ?" ಅಂದ.

"ಊರಲ್ಲೇ ಇರು. ರೈಲೈತಲ್ಲ."

"ರೈಲು ಅದ್ರ ಒತ್ತಿಗೆ ಬತ್ತದೆ, ಕಾರ್ಖಾನೆ ಅದ್ರ ಒತ್ತಿಗೆ ಕೂಗ್ತದೆ. ಮಧ್ಯ ನಾನು ಐದು ಮೈಲಿ ಓಡ್ಬೇಕು."

"ಪ್ಯಾಟೆ ಒಳಗೆ ಒಂದು ಕೋಣೆ ಬಾಡ್ಗೆಗೆ ಇಡಿ."

"ಎಮ್ಮೆ ಎಲ್ ಕಟ್ಲಿ, ಜೇಬಲ್ಲಾ?"

ಉಳಿದದ್ದು ಕಾರ್ಖಾನೆಯ ಪಕ್ಕದ ಲೈನ್ ಮನೆ. ತಗಡಿನ ಸೂರು, ಒಂದು ಕೋಣೆ, ಹಿಂದೆ ಎಮ್ಮೆ ಕಟ್ಟಲು ಜಾಗ, ಸಾಲಿನ ಕೊನೆಯಲ್ಲಿ ನಲ್ಲಿ. ನನ್ನ ಪಕ್ಕದ್ದೇ ಖಾಲಿ ಇತ್ತು. "ಬಾ, ಒಂದೇ ಗೋಡೆ ನಡುವೆ. ಕುಂತಲ್ಲೇ ಮಾತಾಡ್ಬೌದು," ಅಂದೆ. ನಿಜ ಹೇಳಬೇಕೆಂದರೆ ಅದು ನನ್ನ ಆಸೆ. ಲೈನಿನಲ್ಲಿದ್ದವರೆಲ್ಲ ಯಾವಯಾವುದೋ ಊರಿನವರು. ನಮ್ಮೂರ ಮಾತು ಆಡುವ ಒಂದು ಬಾಯಿಗಾಗಿ ನಾನು ಒಣಗಿಹೋಗಿದ್ದೆ.

ಅವನು ನೆಲ ಕೆರೆಯುತ್ತ ಕೂತ. "ಬೇರೆ ಕಡೆ ಒಲೆ ಊಡಿದ್ರೆ, ಇವ್ನು ಬೇರೆ ಓದ ಅಂತಾರೆ ಕಣ್ಲಾ."

ಭಯ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವುದು ಕಾಗದದ ಮೇಲಲ್ಲ. ಒಲೆ ಎರಡಾಗಬೇಕು, ನಾಲ್ಕು ಜನ ಎಲೆ ಅಡಿಕೆ ಮೆಲ್ಲಬೇಕು, ಮುಗಿಯಿತು. ಅವನಿಗೂ ಅವನ ಅಣ್ಣ ದೊಡ್ಡಸಿದ್ದಯ್ಯನಿಗೂ ಅಪ್ಪ ಬಿಟ್ಟುಹೋದ ಹೊಲ ಎರಡು. ಒಂದು ದಿಣ್ಣೆಯ ಮೇಲೆ, ಕಲ್ಲು ಜಾಸ್ತಿ. ಇನ್ನೊಂದು ತಗ್ಗಿನಲ್ಲಿ. ಕಾಲುವೆಯವರು ಅಳೆದು ಕೆಂಪು ಬಾವುಟ ನೆಟ್ಟುಹೋದದ್ದು ಆ ತಗ್ಗಿನ ಹೊಲದ ಪಕ್ಕದಲ್ಲಿ. ಮರಿಸಿದ್ದನ ಎಣಿಕೆ ಇಷ್ಟೇ: ಎರಡು ವರ್ಷ ಸಿಪ್ಪೆ ತಳ್ಳಿ, ಒಂದು ಜೊತೆ ಎತ್ತು ಮಾಡಿಕೊಂಡು, ವಾಪಸು ಬಂದು ತಗ್ಗಿನ ತನ್ನರ್ಧಕ್ಕೆ ಕಬ್ಬು ಹಾಕುವುದು.

ನಾನು ನಕ್ಕುಬಿಟ್ಟೆ. "ನಿಮ್ಮಣ್ಣ ಅಂತೋನಾ? ನಿನ್ನ ಎಗಲ ಮ್ಯಾಲೆ ಒತ್ಕೊಂಡು ಸಾಕ್ದೋನು ಕಣ್ಲಾ!"

ಅಣ್ಣನೂ ಬೇಡ ಅನ್ನಲಿಲ್ಲ. "ಓಗಪ್ಪ, ದಿನಾ ಯಾಕೆ ಅಲೀತೀಯೆ," ಅಂದನಂತೆ. ಹೊರಡುವ ದಿನ ಪಾಯಸದ ಊಟ ಹಾಕಿಸಿದ. ಊರ ಯಜಮಾನ ಮಾದಯ್ಯನವರನ್ನೂ ಇನ್ನೂ ಮೂವರು ಹಿರಿಯರನ್ನೂ ಕರೆದಿದ್ದ. ಐದನೆಯವನು ನಾನು.

"ಯಜಮಾನ್ರು ಯಾಕಣ್ಣಯ್ಯ? ನಾನೇನ್ ಕಾಸಿಗೆ ಒಂಟಿದೀನಾ?" ಅಂದ ಮರಿಸಿದ್ದ.

"ಇರ್ಲಿ ಬುಡ್ಲಾ. ನಾಕ್ ಜನ ಒಳ್ಳೆ ಮಾತಾಡಿ ಕಳಿಸ್ಲಿ."

ಅತ್ತಿಗೆ ಸಣ್ಣತಾಯಮ್ಮ ಮನೆಯ ಒಲೆಯಿಂದ ಕೆಂಡ ತೆಗೆದು, ಒಡಕು ಮಡಕೆಗೆ ಬೂದಿಯೊಂದಿಗೆ ಹಾಕಿ, ಕಣ್ಣೊರೆಸುತ್ತ ಮರಿಸಿದ್ದನ ಹೆಂಡತಿ ಚಲುವಮ್ಮನ ಕೈಗೆ ಕೊಟ್ಟಳು. ಗಾಡಿಗೆ ತಾಮ್ರದ ಹಂಡೆ ಏರಿತು, ಬೀಸುವ ಕಲ್ಲು ಏರಿತು. ಆಮೇಲೆ ದೊಡ್ಡಸಿದ್ದಯ್ಯ ತಮ್ಮನ ಭುಜದ ಮೇಲೆ ಕೈಯಿಟ್ಟ.

"ಪ್ಯಾಟೇಲಿ ರಾಗಿ ಕೊಂಡ್ಕೊಂಡು ತಿನ್ಬ್ಯಾಡ ಕಣಪ್ಪ. ದಿಣ್ಣೆ ಒಲ ನಿಂದೇ ಅಂತಿಟ್ಕೊ. ಆರಂಬ ನಾನು ಮಾಡುಸ್ತೀನಿ, ಬೆಳೆ ನೀನ್ ತಕ್ಕೊಂಡೋಗು. ಸಂತೋಸ್ವಾ?"

ಮರಿಸಿದ್ದನ ಕಣ್ಣು ತುಂಬಿತ್ತು. "ಸಂತೋಸ ಅಣ್ಣಯ್ಯ," ಅಂದ.

"ಎಲ್ರೂ ಕೇಳುಸ್ಕಂಡ್ರಲ್ಲ?" ಅಂತ ದೊಡ್ಡಸಿದ್ದಯ್ಯ ನಗುತ್ತ ತಟ್ಟೆ ಹಿಡಿದ. ಎಲೆ ತೆಗೆದುಕೊಂಡೆವು. ಪಾಯಸ ತಿಂದ ಬಾಯಿ, ಎಲೆ ಎಳೆಯದು, ಸುಣ್ಣ ಹದವಾಗಿತ್ತು. ಇವತ್ತಿಗೂ ನಾಲಗೆಯಲ್ಲಿದೆ.

ಗಾಡಿ ಊರು ದಾಟಿದ ಮೇಲೆ, ಮಡಕೆಯ ಕೆಂಡ ಆರದಂತೆ ಊದುತ್ತಿದ್ದ ಚಲುವಮ್ಮ ತಲೆಯೆತ್ತಿದಳು.

"ಒನ್ನಣ್ಣ, ಎರಡೊರ್ಸಕ್ಕೆ ಓಗೋರಿಗೆ ಬೀಸೋ ಕಲ್ಲು ಕೊಟ್ಟು ಕಳಿಸ್ತಾರಾ?"

"ಸುಮ್ಕಿರಮ್ಮ, ನಿನ್ ಗಂಡ ಇಟ್ಟು ತಿನ್ನಾದು ಬ್ಯಾಡ್ವಾ?" ಅಂತ ಅವಳ ಬಾಯಿ ಮುಚ್ಚಿಸಿದೆ.

ಮಾರನೇ ವರ್ಷ ತಗ್ಗಿನ ಹೊಲಕ್ಕೆ ನೀರು ಬಂತು. ಸುದ್ದಿ ತಂದವನೂ ನಾನೇ. ರಜೆಯ ದಿನ ಮರಿಸಿದ್ದ ಗುದ್ದಲಿ ಹೆಗಲಿಗಿಟ್ಟು ಊರಿಗೆ ಹೊರಟ. ಸಿಳ್ಳೆ ಹಾಕಿಕೊಂಡು ಹೋದವನು ಮಧ್ಯಾಹ್ನಕ್ಕೇ ವಾಪಸು ಬಂದ. ತಗ್ಗಿನಲ್ಲಿ ಆಳುಗಳು ಕಬ್ಬಿನ ತುಂಡು ನೆಡುತ್ತಿದ್ದರಂತೆ. ಅಣ್ಣ ಬದುವಿನ ಮೇಲೇ ಅಡ್ಡ ನಿಂತು, ಮೆತ್ತಗೆ, "ಇದು ನಂದು ಕಣಪ್ಪ. ನಿಂದು ದಿಣ್ಣೆ. ಒಪ್ಕೊಂಡು ಓದ್ಯಲ್ಲ," ಅಂದನಂತೆ.

ಪಂಚಾಯ್ತಿ ಚಾವಡಿಯಲ್ಲಿ ಸೇರಿತು. ಮರಿಸಿದ್ದ ನನ್ನ ಕಡೆಗೇ ನೋಡುತ್ತಿದ್ದ. ಯಜಮಾನ ಮಾದಯ್ಯನವರು ನನ್ನನ್ನು ನಿಲ್ಲಿಸಿದರು.

"ಒನ್ನ, ಅವತ್ತು ಎಲೆ ತಕ್ಕೊಂಡ್ಯಾ?"

"ತಕ್ಕೊಂಡೆ."

"ಮೆದ್ಯೋ, ಮಡ್ಲಲ್ಲಿ ಕಟ್ಕೊಂಡ್ಯೋ?"

"ಮೆದ್ದೆ ಯಜಮಾನ್ರೆ."

"ಇವ್ನು ಸಂತೋಸ ಅಂದ್ನೋ ಇಲ್ವೋ?"

"ಅಂದ. ಆದ್ರೆ ಅದು ಪಾಲು ಅಂತ ಅವ್ನಿಗೆ..."

"ಕೇಳಿದ್ದಕ್ಕೆ ಏಳ್ಲಾ."

ಕೇಳಿದ್ದಕ್ಕೆ ಹೇಳಿ ಕೂತೆ. ಮಾತಿನ ಮಲ್ಲ ಅಂತ ಹೆಸರಾದವನು, ಹತ್ತು ಜನರನ್ನು ಕೂರಿಸಿ ಹರಟುವವನು, ಬೇಕಾದ ಒಂದು ದಿನ ಬಾಯಿ ಹೊಲಿದುಕೊಂಡೆ. ಯಜಮಾನರ ಎದುರು ಎರಡನೇ ಮಾತಾಡಿದವರು ನಮ್ಮೂರಲ್ಲಿ ಇಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಬೀಸುವ ಕಲ್ಲು ನಾನೂ ಕಂಡಿದ್ದೆ. ಅಷ್ಟಾದರೂ ಅನ್ನಬಹುದಿತ್ತು.

"ಒಲೆ ಬೇರೆ ಆಯ್ತು, ಕೆಂಡ ಒಯ್ದ, ಐದಾಳು ಎಲೆ ಮೆದ್ರು," ಅಂದರು ಮಾದಯ್ಯನವರು. "ಪಾಲಾಗೋಗೈತೆ. ಎದ್ದೇಳಿ."

ಮರಿಸಿದ್ದ ಲೈನಿನಲ್ಲೇ ಉಳಿದ. ಇನ್ನೆಲ್ಲಿಗೆ ಹೋಗುತ್ತಾನೆ? ಒಂದೇ ಗೋಡೆ ನಡುವೆ. ಅವನ ಕೆಮ್ಮು ನನಗೆ ಕೇಳುತ್ತದೆ, ನನ್ನದು ಅವನಿಗೆ. ಮಾತು ಮಾತ್ರ ಇಲ್ಲ. ಚಲುವಮ್ಮ ಮಾತು ಬಿಡಲಿಲ್ಲ. ನಲ್ಲಿಯ ಹತ್ತಿರ ಎದುರಾದಾಗಲೆಲ್ಲ, ಹತ್ತು ಹೆಂಗಸರ ಮುಂದೆ, "ಎಲೆ ಅಡಿಕೆ ಆಯ್ತಾ ಒನ್ನಣ್ಣ?" ಅನ್ನುತ್ತಾಳೆ.

ಮೊನ್ನೆ ದೊಡ್ಡಸಿದ್ದಯ್ಯನ ಕಬ್ಬು ಬಂತು, ಮೊದಲ ಬೆಳೆ, ನಾಲ್ಕು ಗಾಡಿ. ನಾನೇ ಚೀಟಿ ಬರೆದೆ. "ಚೆನ್ನಾಗಿದೀಯೇನ್ಲಾ?" ಅಂತ ಬೆನ್ನು ತಟ್ಟಿದ. ತಮ್ಮನ ಬಗ್ಗೆ ಕೇಳಲಿಲ್ಲ.

ಸಂಜೆ ಬಾಯ್ಲರ್ ಮನೆಯ ಬಾಗಿಲಲ್ಲಿ ಹಾದುಹೋಗುವಾಗ ಯಾರೋ ಕರೆದ ಹಾಗಾಯಿತು. ಒಂದು ವರ್ಷದ ಮೇಲೆ ಕೇಳಿದ ದನಿ.

"ನಮ್ಮ ಗಾಡಿ ಬಂದ್ವಂತೆ?"

"ಊಂ ಕಣ್ಲಾ."

"ಎಂಗಿತ್ತು ಕಬ್ಬು?"

"ಚೆನ್ನಾಗಿತ್ತು."

"ತಗ್ಗಿನ ಮಣ್ಣು. ಚೆನ್ನಾಗೇ ಇರ್ತದೆ," ಅಂದ.

ಇನ್ನೇನಾದರೂ ಹೇಳುತ್ತಾನೇನೋ ಅಂತ ನಿಂತೆ. ಅವನು ತಿರುಗಿ, ಮುಂದೆ ಬಿದ್ದಿದ್ದ ಹಸಿ ಸಿಪ್ಪೆಯ ರಾಶಿಯನ್ನು ಬಾಚಿ ಬಾಚಿ ಬೆಂಕಿಗೆ ತಳ್ಳತೊಡಗಿದ.