ಖುರ್ಚಿಗೆ ಹೊದಿಸಿದ ಶಾಲು

“ಹಂಗ ನಿಲ್ರಿ ಎಲ್ಲಾರೂ, ಈ ಕಡೆ ನೋಡ್ರಿ,” ಎಂದ ಮೇಲೆ ಭೀಮಶಿಗೆ ತಾನು ವೇದಿಕೆಯ ಮೇಲಿಲ್ಲ ಎಂಬುದು ಹೊಳೆಯಿತು.

ಸತ್ಕಾರ ಅವನದೇ. ಇಷ್ಟು ವರ್ಷ ಯರಗಟ್ಟಿಯ ಸುದ್ದಿ ಬರೆದದ್ದಕ್ಕೆ, ಸುತ್ತಲಿನ ದೇಸಾಯರ ವಾಡೆಗಳ, ಆ ಹಳೆಯ ಕೋಟೆಮನೆಗಳ, ಇತಿಹಾಸ ಬರೆದದ್ದಕ್ಕೆ ಊರಿನ ಸಂಘದಿಂದ ಶಾಲು, ಹಾರ. ಆದರೆ ಊರಿಗೆಲ್ಲ ವರದಿಗಾರ ಅವನೊಬ್ಬನೇ. ಕ್ಯಾಮೆರಾ ಅವನ ಕೊರಳಲ್ಲೇ. ಅಧ್ಯಕ್ಷ ವೀರಪ್ಪನವರು ಶಾಲು ಬಿಚ್ಚಿದ್ದೇ ತಡ, ಕಾಲುಗಳು ತಾವಾಗಿ ಎದ್ದು ಕೆಳಗಿಳಿದಿದ್ದವು. ಕ್ಯಾಮೆರಾ ಬೇರೆಯವರ ಕೈಗೆ ಕೊಡಬಹುದೆಂದು ಅವನಿಗೂ ಹೊಳೆಯಲಿಲ್ಲ, ಅವರಿಗೂ.

ಕ್ಯಾಮೆರಾದ ಕಿಂಡಿಯಲ್ಲಿ ನೋಡಿದ. ವೀರಪ್ಪನವರು ಶಾಲನ್ನು ಅವನ ಬರಿದಾದ ಖುರ್ಚಿಯ ಬೆನ್ನಿಗೆ ಹೊದಿಸಿ ಅಂಚು ಹಿಡಿದು ನಗುತ್ತಿದ್ದರು. ಉಳಿದವರೂ ನಕ್ಕರು. ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಗುಂಡಿ ಒತ್ತಿದ.

ಬೆಳಗಿನಿಂದ ಅವನು ಕಾದದ್ದು ಶಾಲಿಗಲ್ಲ. ಚಚಡಿಯ ವಾಡೆಯ ಧೂಳು ಕುಡಿದು ಬರೆದ ಪುಸ್ತಕವನ್ನು ಒಬ್ಬರಾದರೂ ಓದಿರಬಹುದು, ಅದರ ಒಂದು ಮಾತನ್ನಾದರೂ ಆಡಬಹುದು ಎಂಬ ಆಸೆ. ಭಾಷಣಗಳು ಮುಗಿದವು, ಪುಸ್ತಕದ ಮಾತು ಬರಲಿಲ್ಲ. ಚಹಾ ಬಂತು.

“ಪುಸ್ತಕ ನೋಡಿದ್ರೇನ್ರಿ?” ನಾಚಿಕೆ ಬಿಟ್ಟು ಕೇಳಿದ.

“ನೋಡೇನಲ್ರಿ. ಮುಖಪುಟ ಭಾಳ ಚಲೋ ಬಂದೈತಿ,” ಎಂದರು ವೀರಪ್ಪ.

“ಒಳಗ?”

ವೀರಪ್ಪ ಕಪ್ಪು ಕೆಳಗಿಟ್ಟರು. “ಸುದ್ದಿ ನೀವ ಕಳಸ್ತೀರಲ್ರಿ? ನನ್ನ ಹೆಸರು ಮೊದಲ ಇರ್ಲಿ.”

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ತನ್ನ ಸತ್ಕಾರದ ಸುದ್ದಿ ಬರೆದ. ‘ಭೀಮಶಿಯವರ ಕೃತಿಯ ಕುರಿತು ಗಣ್ಯರು ವಿವರವಾಗಿ ಮಾತನಾಡಿದರು.’ ಇಂಥ ವಾಕ್ಯ ಎಷ್ಟು ಜನರಿಗೆ ಬರೆದಿದ್ದನೋ. ಅವುಗಳಲ್ಲಿ ಒಂದಾದರೂ ನಿಜವಿತ್ತೇ ಎಂದು ಮೊದಲ ಸಲ ಅನುಮಾನ ಬಂತು. ಆದರೂ ಆ ವಾಕ್ಯವನ್ನು ಹೊಡೆದು ಹಾಕಲಿಲ್ಲ. ಫೋಟೋ ರೋಲು ಸೇರಿಸಿ ಕವರು ಅಂಟಿಸಿ, ಪತ್ರಿಕೆಯ ಕಚೇರಿಗೆ ಮುಟ್ಟಿಸಲು ದಿನದಂತೆ ಬೆಳಗಾವಿ ಬಸ್ಸಿನ ಡ್ರೈವರ್ ಹಜರತಸಾಬನ ಕೈಗಿಟ್ಟ.

“ಇವತ್ತ ಯಾರದ್ರಿ ಕಾರ್ಯಕ್ರಮ?”

“ಊರಾನವರೊಬ್ಬರದು.”

“ನಿಮ್ಮ ಗುರ್ತಿನವರೇನ್ರಿ?”

“ಅಷ್ಟೇನಿಲ್ಲ.”

ಬಸ್ಸು ಹೋಯಿತು. ಸಂಜೆಯ ಗಾಳಿಗೆ ಮೈ ನಡುಗಿದಾಗ ಶಾಲಿನ ನೆನಪಾಯಿತು. ಅದನ್ನು ಅವನಿಗೆ ಯಾರೂ ಕೊಟ್ಟೇ ಇರಲಿಲ್ಲ. ತಿರುಗಿ ಹೋದ. ಸಭಾಭವನಕ್ಕೆ ಬೀಗ.

ಕಿಟಕಿಯ ಸರಳಿಗೆ ಮುಖ ಒತ್ತಿದ. ಉಳಿದ ಖುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದ್ದರು. ವೇದಿಕೆಯ ಮೇಲೆ ಅದೊಂದೇ ಉಳಿದಿತ್ತು, ಶಾಲು ಹೊದ್ದು. ಯಾರೋ ಹಾರವನ್ನೂ ಅದಕ್ಕೇ ಹಾಕಿ ಹೋಗಿದ್ದರು.

ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿದ.

“ಈ ಕಡೆ ನೋಡ್ರಿ,” ಎಂದ ಮೆಲ್ಲಗೆ.